ಮರುವಾಯಿ ಮತ್ತು ನಮ್ಮ ಹೊಳೆಯ ಕಪ್ಪೆಚಿಪ್ಪು

ನಮ್ಮ ಮನೆಯಲ್ಲಿ ಕಪ್ಪೆಚಿಪ್ಪು ಅಡುಗೆಮನೆಯ ಸಾಮಾನುಗಳಲ್ಲಿ ಒಂದು. ಮಾವಿನಕಾಯಿಯ ಸಿಪ್ಪೆ ಹೆರೆಯಲು ಅದೇ ಬೇಕು. ಚಿಪ್ಪಿನ ಉಬ್ಬಿದ ಬೆನ್ನನ್ನು ಒರಟು ಕಲ್ಲಿನ ಮೇಲೆ ತಿಕ್ಕಿ ತಿಕ್ಕಿ ಒಂದು ತೂತು ಮಾಡಿದರೆ, ಆ ತೂತಿನ ಅಂಚು ಕತ್ತಿಗಿಂತ ಚೆನ್ನಾಗಿ ಸಿಪ್ಪೆ ತೆಗೆಯುತ್ತಿತ್ತು. ಹಸುಗೂಸುಗಳಿಗೆ ಹರಳೆಣ್ಣೆ ಕುಡಿಸುವುದಕ್ಕೆಂದು ಒಂದು ಸಣ್ಣ ಚಿಪ್ಪು ಗೋಡೆಯ ಗೂಡಿನಲ್ಲಿ ಇರುತ್ತಿತ್ತು. ಹೊಳೆಗೆ ಬಟ್ಟೆ ಒಗೆಯಲು ಹೋದವರು ದಡದಲ್ಲಿ ಬಿದ್ದಿದ್ದನ್ನು ಆರಿಸಿ ತರುತ್ತಿದ್ದರು. ಅದರೊಳಗೆ ಒಂದು ಪ್ರಾಣಿ ಬದುಕಿರುತ್ತದೆ, ಅದನ್ನು ತಿನ್ನುವವರೂ ಇದ್ದಾರೆ ಎಂಬುದು ಕಾಲೇಜು ಸೇರುವವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ. ಹೆಸರು ಕೇಳಿ, ಕಪ್ಪೆಯೇ ಅದರೊಳಗೆ ಇದ್ದು ಎದ್ದು ಹೋಗಿರಬೇಕು ಎಂದುಕೊಂಡಿದ್ದೆ.

ನಮ್ಮೂರು ಮಿರ್ಲೆಯ ಹತ್ತಿರ. ಕಾವೇರಿ ಹೊಳೆಗೆ ಗದ್ದೆ ಬದುವಿನ ಮೇಲೆ ನಡೆದೇ ಹೋಗಬಹುದು. ಅಪ್ಪನಿಗೆ ನಾಲೆಯ ಕೆಳಗೆ ಗದ್ದೆ, ಮೇಲ್ಭಾಗದಲ್ಲಿ ಒಂದಿಷ್ಟು ಹೊಲ. ನಾನು ಕೆ.ಆರ್. ನಗರಕ್ಕೆ ಬಂದು, ಅಲ್ಲಿಂದ ಬೆಳಗಿನ ಬಸ್ಸು ಹಿಡಿದು ಮೈಸೂರಿನ ಕಾಲೇಜಿಗೆ ಹೋಗುತ್ತಿದ್ದೆ. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ನನ್ನ ಒಂದು ವಿಷಯ. ಮೇಣ ಹರಡಿದ ತಟ್ಟೆಯಲ್ಲಿ ಒಂದು ದಿನ ನಮ್ಮೆಲ್ಲರ ಮುಂದೆ ಒಂದೊಂದು ಕಪ್ಪೆಚಿಪ್ಪು ಇಟ್ಟರು. ಎರಡು ಚಿಪ್ಪು ಬಿಗಿಯಾಗಿ ಮುಚ್ಚಿಕೊಂಡಿದ್ದವು. ಸಂದಿನಲ್ಲಿ ಚಾಕು ತೂರಿಸಿ, ಎರಡೂ ತುದಿಯ ಸ್ನಾಯುಗಳನ್ನು ಕೊಯ್ದಾಗ ಅದು ಸಡಿಲಗೊಂಡು ಬಾಯಿ ಬಿಟ್ಟಿತು. ಒಳಗೆ ಬೂದುಬಣ್ಣದ ಮೆತ್ತನೆಯ ದೇಹ, ಪರದೆಯಂತೆ ಇಳಿಬಿದ್ದ ಕಿವಿರುಗಳು, ನಾಲಿಗೆಯಂತೆ ಕಾಣುವ ಒಂದು ಕಾಲು. ಮನೆಗೆ ಬಂದು ಅವ್ವನಿಗೆ ಹೇಳಿದರೆ, "ಥೂ, ಊಟದ್ ಒತ್ನಾಗೆ ಅದ್ಯಾಕ್ ಯೋಳ್ತಿಯೆ," ಎಂದು ಮಾತು ನಿಲ್ಲಿಸಿದಳು.

ಅಣ್ಣ ಸರ್ಕಾರಿ ಬಸ್ಸಿನ ಕಂಡಕ್ಟರು. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣದ ಮೇಲೆ ಮಡಿಕೇರಿ ಹತ್ತಿ, ಘಟ್ಟ ಇಳಿದು ಮಂಗಳೂರಿಗೆ ಹೋಗುವ ಬಸ್ಸು ಅವನದು. ಅಲ್ಲಿ ಬಸ್‌ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಬ್ಬ ವಿಧವೆ ನಡೆಸುತ್ತಿದ್ದ ಸಣ್ಣ ಮೀನೂಟದ ಹೋಟೆಲಿನಲ್ಲಿ ಅವನು ಊಟ ಮಾಡುತ್ತಿದ್ದ. ಊಟ ಬಡಿಸುತ್ತಿದ್ದವಳು ಆ ಹೆಂಗಸಿನ ಮಗಳು. ಒಂದು ದಿನ ಅವಳನ್ನು ರಿಜಿಸ್ಟರ್ ಮದುವೆ ಮಾಡಿಕೊಂಡು, ಮಾರನೆಯ ದಿನ ಮನೆಗೆ ಕರೆದುಕೊಂಡೇ ಬಂದ. ಅಪ್ಪ ಜಗಲಿಯ ಮೇಲೆ ಕೂತಿದ್ದವರು ಎದ್ದು ನಿಂತರು. ಅವ್ವ ಒಳಗಿನಿಂದ ಬಂದು ಅವಳ ಮುಖ ನೋಡಿ, ಕಾಲಿಗೆ ನೀರು ಕೊಟ್ಟು, "ಬಂದವ್ಳೆ, ಇರ್ಲಿ ಬುಡು," ಎಂದಳು. ಬೈಗುಳವಿಲ್ಲ, ಅಳುವಿಲ್ಲ. ಆದರೆ ಅಂದಿನಿಂದ ಅಣ್ಣನ ಜೊತೆ ಅವ್ವನ ಮಾತು ಅರ್ಧಕ್ಕರ್ಧ ಕಮ್ಮಿಯಾಯಿತು.

ಅತ್ತಿಗೆಯ ಜೊತೆ ಮಾತಾಡುತ್ತಿದ್ದಳು, ಒಲೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ. "ನಮ್ ಅಡ್ಗೆ ನಿಂಗ್ ಬರಾಕಿಲ್ಲ ಕಣವ್ವ, ನೀನು ಅತ್ಲಾಗಿ ಕೊಟ್ಗೆ ನೋಡ್ಕೊ," ಎನ್ನುತ್ತಿದ್ದಳು. ಅತ್ತಿಗೆ ಕೊಟ್ಟಿಗೆ ಗುಡಿಸಿದಳು, ಸಗಣಿ ಬಾಚಿದಳು, ನಾಟಿಗೂ ಇಳಿದಳು. ಹೋಟೆಲಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಲೆಯ ಮುಂದೆ ನಿಂತವಳು ನಮ್ಮ ಮನೆಯಲ್ಲಿ ಒಂದು ಲೋಟ ಕಾಫಿ ಕಾಯಿಸಲಿಲ್ಲ. ಅವಳು ಅದರ ಬಗ್ಗೆ ನನ್ನ ಹತ್ತಿರ ದೂರು ಹೇಳಿದ್ದೂ ಇಲ್ಲ. ಒಮ್ಮೆ ಮಾತ್ರ, ಕೈಯನ್ನು ಮೂಸಿಕೊಂಡು, "ನನ್ನ ಕೈಯಲ್ಲಿ ಈಗ ಬೆಳ್ಳುಳ್ಳಿ ವಾಸನೆಯೇ ಇಲ್ಲ ನೋಡು," ಎಂದಿದ್ದಳು.

ನಮ್ಮಿಬ್ಬರಿಗೆ ಸ್ನೇಹವಾದದ್ದು ಒಂದು ಚಿಪ್ಪಿನಿಂದ. ಅವಳ ಟ್ರಂಕಿನಲ್ಲಿ ಕುಂಕುಮ ಹಾಕಿಟ್ಟುಕೊಂಡಿದ್ದ ಚಿಪ್ಪೊಂದಿತ್ತು. ಬೀಸಣಿಗೆ ಬಿಚ್ಚಿದ ಹಾಗೆ ಅಗಲ, ಬುಡದಿಂದ ಅಂಚಿನವರೆಗೆ ಗೆರೆಗೆರೆಯಾದ ಮಡಿಕೆಗಳು, ಇಟ್ಟಿಗೆ ಕೆಂಪಿನ ಮೇಲೆ ಬಿಳಿ ಮಚ್ಚೆ. ನನ್ನ ಪುಸ್ತಕದಲ್ಲಿ ಅದರ ಚಿತ್ರ ಇತ್ತು. ಸ್ಕ್ಯಾಲಪ್ ಎಂದು ಹೆಸರು. ನಾನು ಪುಸ್ತಕ ತಂದು ತೋರಿಸಿದೆ. ಅವಳು ಕುಂಕುಮವನ್ನು ಒಂದು ಕಾಗದಕ್ಕೆ ಸುರಿದು, ಚಿಪ್ಪನ್ನು ಚಿತ್ರದ ಪಕ್ಕ ಹಿಡಿದಳು.

"ಹೌದು, ಇದೇ. ಇದಕ್ಕೆ ಇಷ್ಟುದ್ದ ಬರೆದಿದ್ದಾರಾ?" ಎಂದಳು.

ನಾನು ಓದಿ ಹೇಳಿದೆ. ಉಳಿದ ಚಿಪ್ಪುಪ್ರಾಣಿಗಳು ಮರಳಿನಲ್ಲಿ ಹೂತುಕೊಂಡೋ ಕಲ್ಲಿಗೆ ಅಂಟಿಕೊಂಡೋ ಇದ್ದರೆ ಇದು ಈಜುತ್ತದೆ. ಎರಡು ಚಿಪ್ಪನ್ನು ಚಪ್ಪಾಳೆ ತಟ್ಟಿದ ಹಾಗೆ ಬಡಿದು, ಒಳಗಿನ ನೀರನ್ನು ಜೋರಾಗಿ ಚಿಮ್ಮಿಸಿ, ಆ ನೂಕಿಗೆ ಮುಂದೆ ಹೋಗುತ್ತದೆ. ನಕ್ಷತ್ರಮೀನು ಹತ್ತಿರ ಬಂದರೆ ಹೀಗೆಯೇ ತಪ್ಪಿಸಿಕೊಳ್ಳುತ್ತದೆ. ಚಿಪ್ಪಿನ ಅಂಚಿನುದ್ದಕ್ಕೂ ಮಣಿ ಪೋಣಿಸಿದ ಹಾಗೆ ಹತ್ತಾರು ಕಣ್ಣುಗಳು. ಬೆಳಕು ಕಮ್ಮಿಯಾದರೆ, ಏನಾದರೂ ಅಲುಗಿದರೆ ಅವಕ್ಕೆ ಗೊತ್ತಾಗುತ್ತದೆ. ಮರಿಯಿದ್ದಾಗ ಸಣ್ಣ ದಾರಗಳನ್ನು ಬಿಟ್ಟು ಯಾವುದಕ್ಕಾದರೂ ಕಟ್ಟಿಕೊಂಡಿದ್ದು, ಬಲಿತ ಮೇಲೆ ಬಿಡಿಸಿಕೊಳ್ಳುತ್ತದೆ. ಚಿಪ್ಪು ಮುಚ್ಚಲು ನಮ್ಮ ಕಪ್ಪೆಚಿಪ್ಪಿಗೆ ಎರಡು ಸ್ನಾಯು ಇದ್ದರೆ ಇದಕ್ಕೆ ನಡುವೆ ಒಂದೇ, ಅದೂ ದಪ್ಪ. ಬೇರೆ ದೇಶಗಳಲ್ಲಿ ಜನ ತಿನ್ನುವುದು ಮುಖ್ಯವಾಗಿ ಅದನ್ನೇ.

"ಅದು ನಂಗೆ ಗೊತ್ತುಂಟು," ಎಂದಳು ಅತ್ತಿಗೆ. "ಬಿಳಿ ಗುಂಡಿ ಹಾಗೆ ಒಂದು ಇರ್ತದೆ ಒಳಗೆ. ನಮ್ಮಪ್ಪ ಬೋಟಿಗೆ ಹೋಗ್ತಿದ್ರಲ್ಲ, ಬಲೆಯಲ್ಲಿ ಅಪರೂಪಕ್ಕೆ ಒಂದೆರಡು ಸಿಕ್ತಿತ್ತು. ಮಾರ್ಲಿಕ್ಕೆ ಸಾಕಾಗುದಿಲ್ಲ. ಮನೆಗೆ ತಂದು ಕೆಂಡದ ಮೇಲೆ ಇಡುದು. ಸಿಹಿ ಇರ್ತದೆ. ಕಣ್ಣು ಉಂಟು ಅಂತ ಗೊತ್ತಿರ್ಲಿಲ್ಲ." ಚಿಪ್ಪಿನ ಅಂಚನ್ನು ಬೆರಳಿನಿಂದ ಸವರಿ, "ಅಷ್ಟು ಕಣ್ಣಿದ್ದೂ ಬಲೆಗೆ ಬಿತ್ತಲ್ಲ," ಎಂದಳು. ಆಮೇಲೆ ಕುಂಕುಮವನ್ನು ಕಾಗದದಿಂದ ಚಿಪ್ಪಿಗೆ ಮತ್ತೆ ಸುರಿದುಕೊಂಡಳು.

ಮದುವೆಯಾಗಿ ವರ್ಷ ತುಂಬುತ್ತಿದ್ದ ಹಾಗೆ ಬೇಸಗೆಯಲ್ಲಿ ಅತ್ತಿಗೆಯ ತಾಯಿ ಬರುತ್ತೇನೆಂದು ಹೇಳಿ ಕಳುಹಿಸಿದರು. ಅಣ್ಣನಿಗೆ ಹೆದರಿಕೆಯೇ ಹೆಚ್ಚಾಯಿತು. ಬೀಗಿತ್ತಿ ಬರುವುದು ಮೊದಲ ಸಲ. ಅವರು ಅಳಿಯನ ಬಸ್ಸಿನಲ್ಲೇ ಹುಣಸೂರಿಗೆ ಬಂದಿಳಿದು, ಅಲ್ಲಿಂದ ಕೆ.ಆರ್. ನಗರದ ಬಸ್ಸು ಹತ್ತಿ, ಬೆಳಿಗ್ಗೆ ನಮ್ಮ ಮನೆ ಮುಂದೆ ಬಂದು ನಿಂತರು. ಕಪ್ಪಗೆ, ಗಟ್ಟಿಮುಟ್ಟಾಗಿ, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದಿದ್ದರು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ನೀರು ತೊಟ್ಟಿಕ್ಕುವ ಗೋಣಿ.

ಅವ್ವ ಗೋಣಿ ನೋಡಿದಳು. "ಇದೇನ್ ಬೀಗ್ರೆ, ಕಲ್ ತಂದಿದ್ದೀರಾ?"

"ಮರುವಾಯಿ ಅಕ್ಕ. ನಿನ್ನೆ ಸಂಜೆ ನೀರು ಇಳಿದಾಗ ತೆಗೆದದ್ದು. ಮಗಳಿಗೆ ಇಷ್ಟ," ಎಂದರು ಅವರು. ಗೋಣಿಯ ಬಾಯಿ ಬಿಚ್ಚಿ ಜಗಲಿಯ ಅಂಚಿನಲ್ಲಿ ಸುರಿದರು. ದುಂಡನೆಯ, ಬೆರಳ ತುದಿಯಷ್ಟರಿಂದ ನೆಲ್ಲಿಕಾಯಿಯಷ್ಟರವರೆಗಿನ ಚಿಪ್ಪುಗಳು. ಒಂದು ಸ್ವಲ್ಪ ಬಾಯಿ ತೆರೆದು ಚಿರ್ರನೆ ನೀರು ಚಿಮ್ಮಿ ಮತ್ತೆ ಮುಚ್ಚಿಕೊಂಡಿತು. ಅವ್ವ ಒಂದು ಹೆಜ್ಜೆ ಹಿಂದೆ ಸರಿದಳು.

"ಜೀವ ಅದೆ ಇದ್ಕೆ."

"ಜೀವ ಇದ್ದರೆ ಮಾತ್ರ ತಿನ್ಲಿಕ್ಕೆ. ಸತ್ತದ್ದು ಬಾಯಿ ಬಿಟ್ಟಿರ್ತದೆ, ಮುಟ್ಟಿದರೂ ಮುಚ್ಚುದಿಲ್ಲ. ಅದನ್ನು ಬಿಸಾಡುದು." ಹೇಳುತ್ತಲೇ ಅವರು ಕೂತು ಒಂದೊಂದನ್ನೇ ತಟ್ಟಿ ನೋಡುತ್ತಾ, ಸುಮ್ಮನೆ ಬಾಯಿಬಿಟ್ಟಿದ್ದವನ್ನು ಪಕ್ಕಕ್ಕೆ ಹಾಕತೊಡಗಿದರು. ರಾತ್ರಿಯೆಲ್ಲ ಘಟ್ಟದ ಚಳಿಯಲ್ಲಿ ಬಂದ ಕಾರಣ ಹೆಚ್ಚು ಸತ್ತಿಲ್ಲ ಎಂದರು.

"ಅಲ್ಲಾ, ನಮ್ ಒಲೆ ಮ್ಯಾಲೆ ಇದ್ನ ಮಾಡಕಾಯ್ತದಾ?" ಎಂದು ಅವ್ವ ಅಪ್ಪನ ಕಡೆ ತಿರುಗಿದಳು.

"ಮಳೆಗಾಲದಾಗೆ ಗದ್ದೆ ಏಡಿ ಬೇಯ್ಸಲ್ವಾ ನೀನು?" ಎಂದರು ಅಪ್ಪ.

"ಏಡಿ ಬ್ಯಾರೆ. ಏಡಿಗೆ ಕಾಲಿರ್ತದೆ."

ಅತ್ತಿಗೆ ತುಳುವಿನಲ್ಲಿ ತಾಯಿಗೆ ಏನೋ ಹೇಳಿ ಹಿತ್ತಲಿಗೆ ಕರೆದುಕೊಂಡು ಹೋದಳು. ಅಲ್ಲಿ ಮೂರು ಕಲ್ಲು ಇಟ್ಟು ಒಲೆ ಹೂಡಿದರು. ಕೊಬ್ಬರಿ ಅಲ್ಲ, ಹಸಿ ತೆಂಗಿನಕಾಯಿ ತುರಿದು ಒಣಮೆಣಸು, ಕೊತ್ತಂಬರಿ ಬೀಜ, ಹುಣಸೆಹಣ್ಣು ಹಾಕಿ ರುಬ್ಬಿದರು. ಅಕ್ಕಿ ನೆನೆಸಿ ರುಬ್ಬಿ, ಕಾಯಿಸಿ, ಸಣ್ಣ ಸಣ್ಣ ಉಂಡೆ ಕಟ್ಟಿ ಮರುವಾಯಿಯ ಜೊತೆ ಬೇಯಿಸಿದರು. ಅದಕ್ಕೆ ಪುಂಡಿ ಎನ್ನುತ್ತಾರೆ. ವಾಸನೆಗೆ ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ನಿಂತರು. ಅಪ್ಪ ಎರಡು ಸಲ ಹಾಕಿಸಿಕೊಂಡು ಚಿಪ್ಪುಗಳನ್ನು ತಟ್ಟೆಯ ಸುತ್ತ ಸಾಲಾಗಿ ಇಟ್ಟರು. ನಾನೂ ತಿಂದೆ. ಉಪ್ಪುಪ್ಪಾಗಿ, ಮೆತ್ತಗೆ, ಹೊಸದಾಗಿತ್ತು. ಅವ್ವ ಒಳಗೆ ಕೂತು ಮುದ್ದೆ, ಸೊಪ್ಪಿನ ಸಾರು ಉಂಡಳು. ಬೀಗಿತ್ತಿಗೂ ಒಂದು ಮುದ್ದೆ ತಂದು ಹಾಕಿದಳು. ಅವರು ನುಂಗಲು ತಿಳಿಯದೆ ಅಗಿದರು, ಹಲ್ಲಿಗೆಲ್ಲ ಮೆತ್ತಿಕೊಂಡು ಕಷ್ಟಪಟ್ಟು, ಆದರೂ ಬಿಡದೆ ಮುಗಿಸಿದರು.

ಅತ್ತಿಗೆಯ ತಾಯಿಗೆ ಒಲೆಯ ವಿಷಯ ತಿಳಿಯಲು ಆ ಒಂದು ಹೊತ್ತಿನ ಅಡುಗೆ ಸಾಕಾಗಿತ್ತು. ಮಧ್ಯಾಹ್ನ ಹಿತ್ತಲಲ್ಲಿ ಇಬ್ಬರೂ ತುಳುವಿನಲ್ಲಿ ಮಾತಾಡಿಕೊಂಡರು. ನನಗೆ ಒಂದು ಪದವೂ ಅರ್ಥವಾಗುತ್ತಿರಲಿಲ್ಲ, ಆದರೆ ತಾಯಿಯ ದನಿ ಏರುತ್ತಿದ್ದುದೂ ಮಗಳು ಸುಮ್ಮನಾಗುತ್ತಿದ್ದುದೂ ಕೇಳಿಸುತ್ತಿತ್ತು. ಸಂಜೆ ಅವರು ಜಗಲಿಗೆ ಬಂದು ಅಪ್ಪನ ಎದುರು ಕೂತರು.

"ಅಣ್ಣ, ನಾನು ಹೋಗುವಾಗ ಇವಳನ್ನು ಸ್ವಲ್ಪ ದಿವಸಕ್ಕೆ ಕರ್ಕೊಂಡು ಹೋಗ್ತೇನೆ."

"ಯಾಕ್ ಬೀಗ್ರೆ?"

"ಒಲೆ ಮುಟ್ಲಿಕ್ಕೆ ಇಲ್ಲದ ಮನೆಯಲ್ಲಿ ಹೆಣ್ಣು ಎಂತ ಅಂತ ಇರುದು? ಅಲ್ಲಿ ಅವಳಿಗೆ ಮಾಡ್ಲಿಕ್ಕೆ ಕೆಲಸ ಉಂಟು."

ಅವ್ವ ಬಾಗಿಲ ಹಿಂದೆಯೇ ನಿಂತಿದ್ದಳು. ಅಪ್ಪ ಗಂಟಲು ಸರಿಮಾಡಿಕೊಂಡು, "ಅವನು ಡೂಟಿ ಮುಗಿಸ್ಕಂಡು ಬರ್ಲಿ, ಕುಂತು ಮಾತಾಡನಾ," ಎಂದರು. ಆ ಸ್ವಲ್ಪ ದಿನ ಎಷ್ಟು ದಿನವೋ ಯಾರೂ ಕೇಳಲಿಲ್ಲ. ನನಗೆ ಅತ್ತಿಗೆ ಹೋದರೆ ಬರುವುದಿಲ್ಲ ಎನಿಸಿತು.

ಮಾರನೆಯ ದಿನ ಬಟ್ಟೆ ಒಗೆಯಲು ಹೊಳೆಗೆ ಹೊರಟೆವು. ನಾಲೆಯಲ್ಲಿ ನೀರು ನಿಲ್ಲಿಸಿದ್ದರಿಂದ ಬೇಸಗೆಯಲ್ಲಿ ಹೊಳೆಗೇ ಹೋಗಬೇಕು. ನಾನು, ಅತ್ತಿಗೆ, ಅವಳ ತಾಯಿ. ಅವ್ವ ಬರುತ್ತಾಳೆಂದು ನಾನು ಎಣಿಸಿರಲಿಲ್ಲ, ಕಂಬಳಿ ಒಗೆಯಬೇಕು ಎಂದು ಅವಳೂ ಬಂದಳು. ಹೊಳೆ ಸಣ್ಣಗೆ ಹರಿಯುತ್ತಿತ್ತು. ಬಂಡೆಗಳ ನಡುವೆ ಮೊಣಕಾಲುದ್ದ, ಅಲ್ಲಲ್ಲಿ ಸೊಂಟದುದ್ದ ನೀರು, ಕೆಳಗೆ ಮರಳು ಬೆರೆತ ಕೆಸರು.

ಬೀಗಿತ್ತಿ ಸೀರೆ ಎತ್ತಿ ಕಟ್ಟಿ ನೀರಿಗಿಳಿದರು. ನಡೆಯುವುದನ್ನು ಬಿಟ್ಟು ಪಾದಗಳನ್ನು ಕೆಸರಿನಲ್ಲಿ ಎಳೆದೆಳೆದು ಸರಿಯತೊಡಗಿದರು. ಒಂದು ಕಡೆ ನಿಂತು, ಹೆಬ್ಬೆರಳಿನಿಂದ ಏನನ್ನೋ ಒತ್ತಿ ನೋಡಿ, ಬಗ್ಗಿ ಕೈ ಹಾಕಿದರು. ಅಂಗೈಯಗಲದ ಕಪ್ಪೆಚಿಪ್ಪು ಬಂತು. ಹೊರಗೆ ಕಪ್ಪು ಹಸಿರು, ಬಿಗಿಯಾಗಿ ಮುಚ್ಚಿತ್ತು.

"ಇಲ್ಲಿಯೂ ಉಂಟಲ್ಲ. ಎಷ್ಟು ದೊಡ್ಡದು."

"ಅದು ಕಪ್ಪೆಚಿಪ್ಪು," ಎಂದಳು ಅವ್ವ ದಡದಿಂದ. "ಮಾವಿನ್ಕಾಯ್ ಎರಿಯಾಕೆ ಮಡಿಕತೀವಿ. ಅದ್ರೊಳ್ಗೆ ಏನಿದ್ದಾತು."

"ಮರುವಾಯಿಯ ಹಾಗೆಯೇ ಇರ್ತದೆ, ಅಕ್ಕ. ಬನ್ನಿ, ನೋಡಿ."

ಅವ್ವ ಬರಲಿಲ್ಲ. ಬೀಗಿತ್ತಿ ಆ ಚಿಪ್ಪನ್ನು ತೆಳುವಾಗಿ ನೀರು ಹರಿಯುವ ಕಡೆ ಮರಳಿನ ಮೇಲೆ ಇಟ್ಟು ಎಲ್ಲರನ್ನೂ ಸುಮ್ಮನಿರಲು ಹೇಳಿದರು. ಬಹಳ ಹೊತ್ತು ಏನೂ ಆಗಲಿಲ್ಲ. ನಾವು ಬಟ್ಟೆ ಕುಕ್ಕತೊಡಗಿದೆವು. ಆಮೇಲೆ ನೋಡಿದರೆ ಚಿಪ್ಪು ಸ್ವಲ್ಪ ಬಾಯಿ ಬಿಟ್ಟು, ಬೂದುಬಣ್ಣದ ಕಾಲನ್ನು ಹೊರಚಾಚಿ ಮರಳಿಗೆ ಊರಿತ್ತು. ಒಂದು ಸಲ ಅಲುಗಿ ನೆಟ್ಟಗೆ ನಿಂತುಕೊಂಡಿತು. ಅವ್ವ ಕಂಬಳಿ ಬಿಟ್ಟು ಬಂದು ಬಗ್ಗಿ ನೋಡಿದಳು.

"ಈ ಅಮ್ಮಿ ಕಾಲೇಜ್ನಾಗೆ ಕುಯ್ದಿದ್ದು ಇದ್ನೇಯಾ?" ಎಂದು ನನ್ನ ಕಡೆ ನೋಡಿದಳು. ಅವಳು ಅದನ್ನು ಮರೆತಿರಲಿಲ್ಲ.

"ಊ ಕಣವ್ವ."

"ಏನ್ ತಿಂತದೆ?"

ನಾನು ಹೇಳಿದೆ. ಇದು ಹಿಂಬದಿಯ ಒಂದು ಸಂದಿನಿಂದ ನೀರು ಎಳೆದುಕೊಂಡು, ಅದರಲ್ಲಿರುವ ಪಾಚಿಯ ಕಣಗಳನ್ನು ಕಿವಿರಿನಲ್ಲಿ ಸೋಸಿ ತಿಂದು, ಇನ್ನೊಂದು ಸಂದಿನಿಂದ ನೀರನ್ನು ಆಚೆ ಬಿಡುತ್ತದೆ. ಮೊಟ್ಟೆಗಳನ್ನು ಹೊರಗೆ ಬಿಡುವುದಿಲ್ಲ, ತನ್ನ ಕಿವಿರಿನಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳನ್ನು ನೀರಿಗೆ ಬಿಟ್ಟಾಗ ಅವು ಹಾದುಹೋಗುವ ಮೀನಿನ ರೆಕ್ಕೆಯನ್ನೋ ಕಿವಿರನ್ನೋ ಕಚ್ಚಿಕೊಳ್ಳಬೇಕು. ಸಿಗದಿದ್ದರೆ ಸತ್ತಹಾಗೆ. ಸಿಕ್ಕರೆ ಕೆಲವು ವಾರ ಅದರ ಮೈಮೇಲೆ ಬೆಳೆದು, ಆಮೇಲೆ ಉದುರಿ ಎಲ್ಲಿ ಬಿದ್ದವೋ ಅಲ್ಲಿ ಬೇರೂರುತ್ತವೆ.

"ದನಕ್ಕೆ ಉಣ್ಣೆ ಕಚ್ಚಿದಂಗೆ?" ಎಂದಳು ಅವ್ವ.

"ಅಂಗೇಯಾ."

"ಮೀನು ಒತ್ಕಂಡ್ ಓಗಿ ಬ್ಯಾರೆ ಊರ್ನಾಗೆ ಇಳಿಸ್ತದೆ," ಎಂದು ಅವಳು ತನ್ನಷ್ಟಕ್ಕೆ ಹೇಳಿಕೊಂಡಳು. ನಂತರ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಬೀಗಿತ್ತಿಯ ಹಿಂದೆ ಹಿಂದೆ ಪಾದ ಎಳೆಯತೊಡಗಿದಳು. ಮೊದಲು ಸಿಕ್ಕಿದ್ದು ಕಲ್ಲು. ಆಮೇಲೆ ಒಂದು ಚಿಪ್ಪು ಸಿಕ್ಕಿತು. ಅತ್ತಿಗೆ ತಟ್ಟಿ ನೋಡಿ, "ಜೀವ ಉಂಟು ಅತ್ತೆ," ಎಂದು ಬಕೆಟ್ಟಿಗೆ ಹಾಕಿದಳು.

ನೀರಿನಲ್ಲಿ ಹೀಗೆ ಹುಡುಕುತ್ತಿರುವಾಗಲೇ ಅವ್ವ, ಮುಖ ಎತ್ತದೆ, ಹೇಳಿದಳು. "ನಿಮ್ಗಾದ್ರೂ ಮದ್ವೆ ನೋಡಿದ್ ಪುಣ್ಯ ಬಂತು ಬೀಗ್ರೆ. ನಂಗೆ ಒಂದ್ ಮಾತ್ ಕೇಳ್ನಿಲ್ಲ ನನ್ ಮಗ."

ಬೀಗಿತ್ತಿ ನೆಟ್ಟಗೆ ನಿಂತರು. "ನಾನು ನೋಡಿದ್ದು ಅಂತ ನಿಮಗೆ ಯಾರು ಹೇಳಿದ್ದು?"

"ನೀವೇ ಮಾಡ್ಕೊಟ್ರಿ ಅಂತ ನಾನು..."

"ಇಲ್ಲ ಅಕ್ಕ. ಬೆಳಿಗ್ಗೆ ಇವಳು ಮೀನು ತರ್ಲಿಕ್ಕೆ ಅಂತ ಹೋದವಳು. ಮಧ್ಯಾಹ್ನ ಇಬ್ಬರೂ ಹಾರ ಹಾಕ್ಕೊಂಡು ಬಂದ್ರು. ಹೋಟೆಲು ತುಂಬಾ ಗಿರಾಕಿ. ನನ್ನ ಕೈಯಲ್ಲಿ ಸೌಟು ಇತ್ತು. ಅಷ್ಟು ದಿವಸ ನನ್ನ ಕೈಯ ಊಟ ತಿಂದವ, ಒಂದು ಮಾತು ನನಗೂ ಹೇಳ್ಲಿಲ್ಲ."

ಅತ್ತಿಗೆ ದಡದ ಕಡೆ ಮುಖ ಮಾಡಿ ಬಟ್ಟೆ ಹಿಂಡುತ್ತಿದ್ದಳು. ಹಿಂಡಿ ಆಗಿದ್ದ ಬಟ್ಟೆಯನ್ನೇ ಮತ್ತೆ ಹಿಂಡುತ್ತಿದ್ದಳು. ಅವ್ವ ಬೀಗಿತ್ತಿಯನ್ನು ನೋಡಿದಳು. ವರ್ಷದುದ್ದಕ್ಕೂ ಅವಳು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಕಥೆಯಲ್ಲಿ ಈ ಹೆಂಗಸು ಊಟ ಹಾಕಿ ಮಗನನ್ನು ಬಲೆಗೆ ಬೀಳಿಸಿಕೊಂಡವಳು. ಆ ಕಥೆ ನನ್ನ ಮುಂದೆಯೂ ಒಂದೆರಡು ಸಲ ಬಾಯಿಗೆ ಬಂದಿತ್ತು.

"ಆಮ್ಯಾಕೆ ಏನ್ ಮಾಡುದ್ರಿ?"

"ಎಂತ ಮಾಡುದು? ಎಲೆ ಹಾಕಿ ಊಟ ಬಡಿಸಿದೆ. ಅವರು ಹೋದ ಮೇಲೆ ಬಾಗಿಲು ಹಾಕ್ಕೊಂಡು ಅತ್ತುಬಿಟ್ಟೆ."

ಅವ್ವ ಮತ್ತೆ ಬಗ್ಗಿ ಕೆಸರಿಗೆ ಕೈ ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ, "ಇತ್ಲಾಗ್ ಬನ್ನಿ, ಇಲ್ಲಿ ಕೆಸ್ರು ಮೆತ್ಗದೆ," ಎಂದು ಬೀಗಿತ್ತಿಯನ್ನು ತನ್ನ ಪಕ್ಕಕ್ಕೆ ಕರೆದಳು.

ಬಕೆಟ್ಟು ತುಂಬಾ ಚಿಪ್ಪು ಸಿಕ್ಕಿದವು. ಬೇಯಿಸುವ ಮೊದಲು ಅವುಗಳ ಹೊಟ್ಟೆಯ ಕೆಸರು ಹೋಗಲಿ ಎಂದು ನಾನು ಹಾಗೆಯೇ ನೀರಿನಲ್ಲಿ ಬಿಡಲು ಹೇಳಿದೆ. ಬೀಗಿತ್ತಿಯೂ ಸಮುದ್ರದ್ದನ್ನು ಹೀಗೇ ಇಡುವುದುಂಟು ಎಂದರು. ಹಿತ್ತಲಲ್ಲಿ ದನಗಳಿಗೆ ನೀರಿಡುವ ಕಲ್ಲುಬಾನಿ ಇತ್ತು. ತೊಳೆದು, ಹೊಳೆಯಿಂದ ಹೊತ್ತುತಂದ ಬಗ್ಗಡದ ನೀರು ಸುರಿದು ಚಿಪ್ಪುಗಳನ್ನು ಬಿಟ್ಟೆವು. ಬೆಳಿಗ್ಗೆ ಅವ್ವನೇ ಮೊದಲು ನೋಡಿದ್ದು. ಬಾನಿಯ ತಳದ ಉಳಿಯ ಗುರುತುಗಳು ಕಾಣುವಷ್ಟು ನೀರು ತಿಳಿಯಾಗಿತ್ತು. ಚಿಪ್ಪುಗಳ ಸುತ್ತ ಕೆಸರು ಎಳೆ ಎಳೆಯಾಗಿ ಕೂತಿತ್ತು.

"ಚಿಲ್ಲದ್ ಬೀಜ ತೇದಾಕ್ದಂಗ್ ಆಗದಲ್ಲ," ಎಂದಳು. ಹೊಸ ನೀರು ಬರುವ ಕಾಲದಲ್ಲಿ ಕುಡಿಯುವ ನೀರು ತಿಳಿಯಾಗಲೆಂದು ನಮ್ಮಲ್ಲಿ ಗಡಿಗೆಯ ಒಳಮೈಗೆ ಚಿಲ್ಲದ ಬೀಜ ತೇಯುತ್ತಿದ್ದರು. ಅವ್ವ ಅಪ್ಪನನ್ನೂ ಕರೆದು ತೋರಿಸಿದಳು. ಅಪ್ಪ ಹಸುವನ್ನು ಆ ನೀರು ಕುಡಿಸಲು ಹಿಡಿದುಕೊಂಡು ಬಂದರು. ಚಿಪ್ಪು ಮೂಗಿಗೆ ತಾಗಿ ಹಸು ಹಿಂದೆ ಸರಿಯಿತು.

ಅಂದು ಮಧ್ಯಾಹ್ನದ ಮೇಲೆ ಅತ್ತಿಗೆ ಮತ್ತೆ ಹಿತ್ತಲಲ್ಲಿ ಒಲೆ ಹೂಡಿದಳು. ಚಿಪ್ಪುಗಳು ಬಿಸಿಗೆ ಬಾಯಿ ಬಿಡುತ್ತಿದ್ದವು. ಮೋಡ ಕವಿದು ಗಾಳಿ ಎದ್ದಿತು, ಧೂಳಿನ ಹಿಂದೆಯೇ ದಪ್ಪ ಹನಿಗಳು ಬಿದ್ದವು. ಅತ್ತಿಗೆ ಪಾತ್ರೆಯ ಮೇಲೆ ತಟ್ಟೆ ಮುಚ್ಚಿ, ಒಲೆಗೆ ಅಡ್ಡವಾಗಿ ತಾನೇ ಕೂತಳು. ಹೊಗೆ ಎದ್ದು ಉರಿ ಆರುತ್ತಾ ಬಂತು.

ಅವ್ವ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅದ್ಯಾಕ್ ಅಲ್ ನೆನೀತಾ ಕುಂತಿದ್ದಿಯೇ? ಒಳಿಕ್ ತಂದ್ಬುಡು."

ಅತ್ತಿಗೆ ತಲೆಯೆತ್ತಿದಳು. "ಒಳಗಾ ಅತ್ತೆ?"

"ಒಳ್ಗೇಯಾ. ಒಲೆ ಉರೀತಾ ಅದೆ. ಬ್ಯಾಗ್ ಬಾ."

ಅತ್ತಿಗೆ ಸೆರಗಿನಲ್ಲಿ ಪಾತ್ರೆ ಹಿಡಿದು ಒಳಗೆ ಬಂದಳು. ಅವ್ವ ಒಲೆಯ ಮುಂದಿನ ಮಣೆಯನ್ನು ಅವಳ ಕಡೆ ತಳ್ಳಿ, ತಾನು ಗೋಡೆಗೆ ಒರಗಿ ಕೂತಳು. ಉಪ್ಪಿನ ಕುಡಿಕೆ ಎಲ್ಲಿದೆ, ಹುಣಸೆಹಣ್ಣಿನ ಗಡಿಗೆ ಯಾವುದು ಎಂದು ಅತ್ತಿಗೆಗೆ ಗೊತ್ತಿರಲಿಲ್ಲ. ಅವ್ವ ಕೂತಲ್ಲಿಂದಲೇ ಕೈ ತೋರಿಸಿ ಹೇಳಿದಳು. ಬೀಗಿತ್ತಿ ಬಾಗಿಲ ಹತ್ತಿರ ನಿಂತಿದ್ದವರು, ಒಳಗೆ ಬರಬಹುದೋ ಬಾರದೋ ಎಂದು ಯೋಚಿಸಿ, ಅಲ್ಲೇ ಹೊಸ್ತಿಲ ಈಚೆ ಕೂತು ಈರುಳ್ಳಿ ಹೆಚ್ಚಿದರು.

ಅಡುಗೆ ಕೆಟ್ಟಿತು. ಮಸಾಲೆಯದೇನೂ ತಪ್ಪಿರಲಿಲ್ಲ. ಕಪ್ಪೆಚಿಪ್ಪಿನ ಮಾಂಸ ಎಷ್ಟು ಬೇಯಿಸಿದರೂ ಗಟ್ಟಿ, ಒಳಗೆ ಇನ್ನೂ ಕೆಸರಿನ ವಾಸನೆ. ಅಪ್ಪ ಒಂದು ತುಂಡನ್ನು ಬಾಯಿಯ ಆ ಕಡೆ ಈ ಕಡೆ ಹೊರಳಿಸಿ ಕೊನೆಗೆ ನುಂಗಿಬಿಟ್ಟರು. ಬೀಗಿತ್ತಿ ತಿಂದು, "ರುಚಿ ಇಲ್ಲ ಅಕ್ಕ. ನಮ್ಮ ಮರುವಾಯಿಯ ಹಾಗಲ್ಲ ಇದು," ಎಂದರು. ಆಗ ಅವ್ವ ಕೈ ಚಾಚಿ ಒಂದು ತುಂಡು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ನಾವೆಲ್ಲ ಅವಳ ಮುಖವನ್ನೇ ನೋಡಿದೆವು. ಬಹಳ ಹೊತ್ತು ಅಗಿದಳು.

"ಎಕ್ಕಡ ಅಗ್ದಂಗದೆ," ಎಂದಳು.

ಮೊದಲು ನಕ್ಕವರು ಬೀಗಿತ್ತಿ. ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಪ್ಪ ನಕ್ಕು ಕೆಮ್ಮು ಹತ್ತಿಸಿಕೊಂಡರು. ಅವ್ವ ಮಾತ್ರ ನಗದೆ ಮುದ್ದೆಯನ್ನು ಆ ಮಸಾಲೆಗೆ ಅದ್ದಿ ನುಂಗಿದಳು, ಇನ್ನೊಂದು ತುತ್ತನ್ನೂ ಅದ್ದಿದಳು. "ಎಸ್ರು ಚಂದಾಗದೆ. ಮಳೆ ಇಡ್ಕಂಡ್ರೆ ಏಡಿ ಬತ್ತವೆ. ಅದ್ಕೆ ಇಂಗೇ ಅರ್ದಾಕು," ಎಂದು ಸೊಸೆಗೆ ಹೇಳಿದಳು.

ಬಾನಿಯಲ್ಲಿ ಉಳಿದಿದ್ದ ಚಿಪ್ಪುಗಳನ್ನು ನಾನು ಮತ್ತು ಅತ್ತಿಗೆ ತೆಗೆದುಕೊಂಡು ಹೋಗಿ ಹೊಳೆಗೆ ಬಿಟ್ಟೆವು. ಒಂದೊಂದರ ಬೆನ್ನ ಮೇಲೂ ಮರದ ಕೊರಡಿನಲ್ಲಿ ಇರುವಂಥ ಉಂಗುರದ ಗೆರೆಗಳಿದ್ದವು. ಬೆಳವಣಿಗೆ ನಿಂತು ಮತ್ತೆ ಶುರುವಾದಾಗ ಮೂಡುವ ಗೆರೆ ಅವು, ಅವುಗಳಿಂದ ವಯಸ್ಸನ್ನು ಅಂದಾಜು ಮಾಡಬಹುದು ಎಂದೆ. ಅತ್ತಿಗೆ ಅತಿ ದೊಡ್ಡ ಚಿಪ್ಪನ್ನು ತಿರುಗಿಸಿ ನೋಡಿ, "ಇದು ನನಗಿಂತ ಮೊದಲು ಈ ಊರಿಗೆ ಬಂದದ್ದು," ಎಂದು ನೀರಿಗಿಟ್ಟಳು.

ಅಣ್ಣ ಡ್ಯೂಟಿ ಮುಗಿಸಿ ಬಂದಾಗ ಕೂತು ಮಾತಾಡುವ ವಿಷಯವೇನೂ ಉಳಿದಿರಲಿಲ್ಲ. ಆದರೂ ಅವ್ವ ಅವನನ್ನು ತನ್ನ ಮತ್ತು ಬೀಗಿತ್ತಿಯ ಎದುರಿಗೆ ಕೂರಿಸಿಕೊಂಡು, ಒಂದು ವರ್ಷ ಬಾಕಿಯಿಟ್ಟಿದ್ದ ಬೈಗುಳವನ್ನು ಪೂರ್ತಿ ಬೈದಳು. ಬೀಗಿತ್ತಿ ನಡುನಡುವೆ ತಮ್ಮದನ್ನೂ ಸೇರಿಸಿದರು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಹೊರಡುವ ದಿನ ಅವ್ವ ಅವರ ಗೋಣಿಗೆ ರಾಗಿಹಿಟ್ಟು, ಅವರೆಬೇಳೆ ತುಂಬಿಸಿದಳು.

"ಇವಳು ಇಲ್ಲೇ ಇರ್ಲಿ ಬೀಗ್ರೆ. ನಂಗೂ ಬೆನ್ ನೋವು. ಒಬ್ಳೇ ಎಷ್ಟ್ ದಿನ ಅಂತ ಒಲೆ ಮುಂದೆ ಕುಂತಿರಾದು."

"ಮಳೆ ಕಳೆದ ಮೇಲೆ ಬರ್ತೇನೆ," ಎಂದಷ್ಟೇ ಹೇಳಿ ಅವರು ಬಸ್ಸು ಹತ್ತಿದರು. ಮಳೆ ಕಳೆದ ಮೇಲೆ ಬಂದರು ಕೂಡ. ಆಮೇಲೆ ಪ್ರತಿ ವರ್ಷ ಬಂದರು.

ಕೆಲವು ವರ್ಷಗಳ ನಂತರ ಅಣ್ಣನಿಗೆ ಪಿರಿಯಾಪಟ್ಟಣಕ್ಕೆ ವರ್ಗವಾಯಿತು. ಅತ್ತಿಗೆ ಅಲ್ಲಿ ತಂಬಾಕು ಹರಾಜಿಗೆ ಬರುವವರಿಗೆ ಊಟದ ಹೋಟೆಲು ಇಟ್ಟಳು. ಮುದ್ದೆಗೆ ಮಂಗಳೂರಿನ ಮೀನುಸಾರು ಹಾಕಿ ಬಡಿಸುವ ಹೋಟೆಲು ಆ ಊರಿನಲ್ಲಿ ಮೊದಲು ಇರಲಿಲ್ಲ. ಹರಾಜಿನ ತಿಂಗಳುಗಳಲ್ಲಿ ಅವ್ವ ಊರಿನಿಂದ ಹೋಗಿ ಮುದ್ದೆ ತೊಳಸಿ ಕಟ್ಟುವ ಕೆಲಸ ತಾನೇ ಮಾಡುತ್ತಿದ್ದಳು. ನಾನು ಹೆಗ್ಗಡದೇವನಕೋಟೆಯ ಕಡೆ ಹೈಸ್ಕೂಲು ಮೇಷ್ಟರಮ್ಮನಾಗಿ ಅಂತರಸಂತೆಯ ಹತ್ತಿರ ಮನೆ ಮಾಡಿದೆ. ನಮ್ಮೂರಿನ ಹೊಳೆಯಲ್ಲಿ ಈ ನಡುವೆ ಮರಳು ತೆಗೆಯುವ ಲಾರಿಗಳು ಬಂದವು. ಕೆಸರುಮರಳಿದ್ದ ಜಾಗದಲ್ಲಿ ಈಗ ಬರೀ ಬಂಡೆ, ಆಳದ ಗುಂಡಿ. ಮರಳಿನ ಜೊತೆ ಚಿಪ್ಪುಗಳೂ ಲಾರಿಗೆ ಹೋದವು. ಎಲ್ಲೋ ಮನೆ ಕಟ್ಟುವ ಕಡೆ ಮರಳು ಜರಡಿ ಹಿಡಿದಾಗ ಅವು ಸಿಕ್ಕಿರುತ್ತವೆ. ಮೀನು ಹೊತ್ತುತಂದರೆ ಮತ್ತೆ ಬರಬಹುದು, ಇಳಿಯಲು ಮರಳು ಬೇಕಷ್ಟೆ.

ಬೀಗಿತ್ತಿಗೆ ಮಂಡಿನೋವು ಬಂದು ಘಟ್ಟ ಹತ್ತಲಾಗದ ವರ್ಷ, ಅವ್ವನೇ ಮಂಗಳೂರಿಗೆ ಹೊರಟಳು. ಅವಳು ಸಮುದ್ರ ನೋಡಿರಲಿಲ್ಲ. ಒಂದು ವಾರ ಇದ್ದು ಬಂದಳು. ಕೆ.ಆರ್. ನಗರದ ಬಸ್‌ ಸ್ಟ್ಯಾಂಡಿನಲ್ಲಿ ಅವಳನ್ನು ಇಳಿಸಿಕೊಳ್ಳಲು, ರಜೆಗೆ ಊರಿಗೆ ಬಂದಿದ್ದ ನಾನೇ ಹೋಗಿದ್ದೆ. ಹೇಗಿತ್ತು ಎಂದು ಕೇಳಿದೆ.

"ಅಷ್ಟ್ ನೀರದೆ ಕಣಮ್ಮಿ, ಒಂದ್ ಸೀರೆ ಒಗಿಯಾಕಾಗಕಿಲ್ಲ," ಎಂದಳು. ಹಸಿವಾಗಿದೆ ಎಂದಳು. ನಾವು ಎದುರಿನ ಹೋಟೆಲಿಗೆ ಹೋಗಿ ಇಡ್ಲಿ ತಿಂದು, ಮಿರ್ಲೆಯ ಬಸ್ಸು ಹತ್ತಿದೆವು.